ಅಂಚಿನಲ್ಲಿ ಬರೆಯದೆ ಬಿಟ್ಟ ಅಕ್ಷರ

ಜವಳಗೇರಾದ ನನ್ನ ಸೋದರಮಾವನಿಗೆ, ಮಸ್ಕಿಯಿಂದ ನಿನ್ನ ಹಣಮ್ಯಾ ಬರೆಯುವುದು.

ಮಾವ, ನೀನು ಹೋಗಿ ಈ ಸುಗ್ಗಿಗೆ ಮೂರು ವರ್ಷ. ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಬದುಕಿದ್ದಾಗ ಅಂಥ ಪ್ರಸಂಗವೇ ಬರಲಿಲ್ಲ. ಸಿಂಧನೂರಿನಲ್ಲಿ ಬಸ್ಸು ಬದಲಿಸಿದರೆ ನೀನೇ ಸಿಗುತ್ತಿದ್ದೆ. ದಿನಾ ಡೈರಿ ಬರೆಯುವ ಚಾಳಿ ನನಗಿದೆ, ನಿನಗೆ ಗೊತ್ತು. ಇದನ್ನೂ ಅದರಲ್ಲೇ ಬರೆದು ಮುಚ್ಚಿಡಬಹುದಿತ್ತು. ಆದರೆ ಡೈರಿ ತಿರುಗಿ ಏನನ್ನೂ ಕೇಳುವುದಿಲ್ಲ. ನೀನು ಕೇಳುತ್ತಿದ್ದೆ. ನಾಳೆ ಬೆಳಗಿನ ಬಸ್ಸಿಗೆ ತಂಗಿ ಗಂಗಿಯನ್ನು ಕರೆದುಕೊಂಡು ರಾಯಚೂರಿಗೆ, ಅಲ್ಲಿಂದ ರೈಲಿಗೆ ಹೊರಡಬೇಕು. ನಿನ್ನ ಮುದ್ದಿನ ಗಂಗಿಯ ಎಲುಬು ರಕ್ತ ಮಾಡುವುದನ್ನು ನಿಲ್ಲಿಸಿಬಿಟ್ಟಿದೆ, ಮಾವ. ಅವಳಿಗೆ ನನ್ನ ಎಲುಬಿನೊಳಗಿನದನ್ನು ತೆಗೆದು ಹಾಕುತ್ತಾರೆ. ಹಿಡಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹೊರಡುವ ಮೊದಲು ನಿನ್ನ ಮುಂದೆ ಒಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ. ಮಧ್ಯಾಹ್ನದಿಂದ ಮೂರು ಸಲ ಹಾಳೆ ಹರಿದೆ. ಎಲ್ಲಿಂದ ಶುರು ಮಾಡಲಿ?

ಆ ಒದ್ದೆ ಗೋಣಿ ತಟ್ಟಿನಿಂದಲೇ ಶುರು ಮಾಡುತ್ತೇನೆ. ನಾನಾಗ ಏಳನೇ ಇಯತ್ತೆ. ಕಾಲುವೆಗೆ ನೀರು ಬಿಡುವ ಮುಂಚೆ ಸಿಂಧನೂರಿನ ಬೀಜದ ಅಂಗಡಿಯವರು ಜೀಪಿಗೆ ಮೈಕು ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ಒಬ್ಬನ ಬೀಜಕ್ಕೆ ರೋಗವೇ ಬರುವುದಿಲ್ಲ, ಇನ್ನೊಬ್ಬನದು ನೀರೇ ಕೇಳುವುದಿಲ್ಲ. ಜನ ಚೀಲ ಕೊಳ್ಳುವ ಮೊದಲು ಒಂದು ಹಿಡಿ ಕಾಳು ತಂದು ನಿನ್ನ ಮುಂದೆ ಸುರಿಯುತ್ತಿದ್ದರು. ನೀನು ನೂರು ಕಾಳು ಆರಿಸಿ, ಒದ್ದೆ ಗೋಣಿ ತಟ್ಟಿನ ಮೇಲೆ ಸಾಲಾಗಿ ಇಟ್ಟು, ಸುರುಳಿ ಸುತ್ತಿ, ನೀರಿನ ಹರವಿಯ ಬುಡದಲ್ಲಿ ಇಡುತ್ತಿದ್ದೆ. ಹೊತ್ತಿಗೊಮ್ಮೆ ನೀರು ಚಿಮುಕಿಸುವುದು ನನ್ನ ಕೆಲಸ. ನಾಲ್ಕನೇ ದಿನ ಬಿಚ್ಚಿ ಮೊಳಕೆ ಎಣಿಸುವುದು ನಿನ್ನದು. ಐದನೇ ದಿನ ಎಣಿಸೋಣ, ಇನ್ನೂ ನಾಲ್ಕು ಒಡೆಯಬಹುದು ಎಂದು ಯಾರಾದರೂ ಅಂದರೆ ನೀನು ಒಪ್ಪುತ್ತಿರಲಿಲ್ಲ. "ನಾಕು ದಿನದಾಗ ಏಳಲಾರದ್ದು ಹೊಲದಾಗ ಯಾವಾಗ ಏಳತೈತಿ? ಕಾಲುವಿ ನೀರು ನಿಮ್ಮಪ್ಪನ ದಾರಿ ಕಾಯತೈತೇನು?"

ನಿನ್ನ ಹಳೆ ಲೆಕ್ಕದ ಪುಸ್ತಕವೂ ನೆನಪಾಗುತ್ತದೆ, ಉದ್ದನೆಯದು, ಕೆಂಪು ಬಟ್ಟೆಯ ಬೆನ್ನಿನದು. ಪೇಪರಿನಲ್ಲಿ, ಪಾಂಪ್ಲೆಟ್ಟಿನಲ್ಲಿ ಬಂದ ಬೀಜದ ಜಾಹೀರಾತುಗಳನ್ನೆಲ್ಲ ಕತ್ತರಿಸಿ ಅದಕ್ಕೆ ಅಂಟಿಸುತ್ತಿದ್ದೆ. ಪಕ್ಕದ ಅಂಚಿನಲ್ಲಿ ಕೆಂಪು ಪೆನ್ಸಿಲ್ಲಿನಿಂದ ಒಂದೊಂದು ಅಕ್ಷರ. ‘ಮಾ’ ಅಂದರೆ ಮಾರುವವನ ಮಾತು. ‘ಕಂ’ ಅಂದರೆ ಕಣ್ಣಾರೆ ಕಂಡವನ ಮಾತು. ‘ಕೇ’ ಅಂದರೆ ಯಾರೋ ಹೇಳಿದ್ದನ್ನು ಕೇಳಿದವನ ಮಾತು. ಅಕ್ಷರ ಬೀಳದೆ ಯಾವ ಕಾಗದವೂ ಆ ಪುಸ್ತಕದಲ್ಲಿ ಉಳಿಯುತ್ತಿರಲಿಲ್ಲ. ನಾನೊಮ್ಮೆ ಜಾಣತನ ತೋರಿಸಲು ಹೋಗಿ, "ಮಾವ, ‘ಮಾ’ ಇದ್ದದ್ದೆಲ್ಲಾ ಸುಳ್ಳು ಹೌದಿಲ್ಲೋ?" ಅಂದೆ. ನೀನು ತಲೆಗೊಂದು ಮೊಟಕಿದೆ. "ಮಾರಾಂವ ಎಲ್ಲಾ ಸುಳ್ಳು ಹೇಳತಾನಂತ ನಾ ಎಲ್ಲಿ ಅಂದೀನಲೇ? ಅಂವಗ ಅದರಾಗ ಏನು ಸಿಗತೈತಿ ಅನ್ನೂದು ನೆನಪಿರಲಿ ಅಂತ ಬರದೀನಿ. ಆಮ್ಯಾಲ ಮೊಳಕಿ ನೋಡು." ಸಿಂಧನೂರಿನ ಒಬ್ಬ ಮುದುಕ ಅಂಗಡಿಯವನನ್ನು ಮಾತ್ರ ನೀನು ನಂಬುತ್ತಿದ್ದೆ. ಅವನೂ ಮಾರುವವನೇ. ಆದರೆ, "ನಿಮ್ಮದು ಸವುಳು ನೆಲ, ಈ ಮಾಲು ಒಯ್ಯಬ್ಯಾಡ" ಎಂದು ತನ್ನ ಮಾಲಿನ ಕೊರತೆಯನ್ನು ತಾನೇ ಹೇಳಿದವನು ಅವನೊಬ್ಬನೇ ಅಂತೆ.

ನಾನೂ ಗಂಗಿಯೂ ನಿನ್ನ ಪಡಸಾಲೆಯಲ್ಲಿ ಜಗಳಾಡುತ್ತಿದ್ದದ್ದು ಈಗ ಬಹಳ ನೆನಪಾಗುತ್ತದೆ. ಅಪ್ಪ ತೀರಿಕೊಂಡ ಮೇಲೆ ನಿನ್ನ ಮನೆಯಲ್ಲೇ ಬೆಳೆದೆವಲ್ಲ. ಅವಳಿಗೆ ಬೆಲ್ಲ ಬೇಕಾದರೆ ನನಗೆ ಖಾರ. ಅವಳು ಎಡಕ್ಕೆ ಅಂದರೆ ನಾನು ಬಲಕ್ಕೆ. "ಒಂದ ಚೀಲದ ಕಾಳಾದ್ರೂ ಒಂದಕ್ಕೊಂದು ಹೊಂದಂಗಿಲ್ಲ ನೋಡು ಇವು" ಎಂದು ಅತ್ತೆಗೆ ಹೇಳಿ ನಗುತ್ತಿದ್ದೆ. ಆ ಮಾತು ನಿನ್ನ ಬಾಯಿಂದ ಎಷ್ಟು ಸಲ ಬಂದಿರಬಹುದು? ಅದು ಎಷ್ಟು ತಪ್ಪಾಗಿತ್ತು ಎಂದು ತಿಳಿಯುವ ಹೊತ್ತಿಗೆ ನೀನೇ ಇಲ್ಲ.

ಹೋದ ದಸರಾ ಹಬ್ಬದ ಹೊತ್ತು. ಗಂಗಿ ಲಿಂಗಸುಗೂರಿನ ಗಂಡನ ಮನೆಯಲ್ಲಿ ಹೊಲಿಗೆ ಮಷಿನ್ನಿಗೆ ಅಂಟಿಕೊಂಡು ಕುಳಿತಿದ್ದಳು. ಹಬ್ಬದ ಕುಪ್ಪಸಗಳ ರಾಶಿ. ನಾನು ಹೋದಾಗ ಅವಳ ಮೊಳಕೈಯಲ್ಲಿ ನೀಲಿ ಕಲೆ. "ಮಷಿನ್ ತಾಗೈತಿ ಬಿಡಣ್ಣ" ಅಂದಳು. ಕಾಲಲ್ಲೂ ಇತ್ತು, ಕುತ್ತಿಗೆಯಲ್ಲೂ ಇತ್ತು. ಕುತ್ತಿಗೆಗೆ ಯಾವ ಮಷಿನ್ ತಾಗುತ್ತದೆ? ಮರುವಾರ ಹಲ್ಲುಜ್ಜಿದರೆ ಬಾಯಿ ತುಂಬ ರಕ್ತ. ಲಿಂಗಸುಗೂರಿನಿಂದ ರಾಯಚೂರಿಗೆ, ಅಲ್ಲಿಂದ ದೂರದ ದೊಡ್ಡ ಆಸ್ಪತ್ರೆಗೆ. ಸೊಂಟದ ಎಲುಬಿಗೆ ಸೂಜಿ ಚುಚ್ಚಿ ನೋಡಿ, ಒಳಗಿನ ಮಜ್ಜೆ ಬರಿದಾಗಿದೆ ಅಂದರು. ಅಂದಿನಿಂದ ತಿಂಗಳಿಗೊಮ್ಮೆ, ಕೆಲವೊಮ್ಮೆ ಎರಡು ಸಲ, ಬೇರೆಯವರ ರಕ್ತ ಹಾಕಿಸುತ್ತಾ ಬಂದಿದ್ದೇವೆ. ಓಡಾಟಕ್ಕೆ ಅನುಕೂಲವಾಗಲಿ ಎಂದು ಅವಳನ್ನು ಮಸ್ಕಿಗೆ ನನ್ನ ಮನೆಗೇ ಕರೆತಂದೆ. ಅವಳ ಗಂಡ ವೀರೇಶ ಭಾನುವಾರ ಬಂದು ಹೋಗುತ್ತಾನೆ.

ಆ ಆಸ್ಪತ್ರೆಯ ರಕ್ತದ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಮಾತಾಡಿದ ದಿನ ನೀನಿರಬೇಕಿತ್ತು. ಕನ್ನಡ ಬಲ್ಲವರು, ಮೈಸೂರು ಕಡೆಯವರು. "ಮಜ್ಜೆಯಲ್ಲಿ ಸ್ಟೆಮ್ ಸೆಲ್ ಅಂತ ಇರುತ್ತೆ. ಬಿತ್ತನೆ ಕಾಳು ಇದ್ದಹಾಗೆ. ಅದೇ ಬೆಳೆದು ರಕ್ತ ಆಗೋದು. ನಿಮ್ಮ ತಂಗಿಯಲ್ಲಿ ಆ ಕಾಳು ಮುಗಿದುಹೋಗಿದೆ" ಅಂದರು. ನನ್ನದು ಅವಳಿಗೆ ಹೊಂದುತ್ತದೆಯೇ ಎಂದು ಪರೀಕ್ಷೆ ಮಾಡಿದರು. ಹೊಂದಿತು, ಮಾವ. ಪೂರ್ತಿ ಹೊಂದಿತು. "ಇಷ್ಟು ಹೊಂದೋದು ಒಡಹುಟ್ಟಿದವರಲ್ಲೂ ಎಲ್ಲರಿಗೂ ಸಿಗೋ ಭಾಗ್ಯ ಅಲ್ಲ" ಅಂದರು. ನನಗೆ ಅಲ್ಲೇ ನಿನ್ನ ನಗು ಕೇಳಿಸಿದ ಹಾಗಾಯಿತು. ಆಮೇಲೆ ಅವರೇ ಹೇಳಿದರು: "ಇದು ಎಲ್ಲರಿಗೂ ಹಿಡಿಯಲ್ಲ. ಹಿಡಿಯದೆ ಹೋದವರನ್ನೂ ನಾನೇ ನೋಡಿದ್ದೀನಿ. ಆದರೆ ಬೇರೆಯವರ ರಕ್ತ ಹಾಕಿಸಿದಷ್ಟೂ ಮೈ ಇನ್ನೊಬ್ಬರದ್ದನ್ನ ಒಪ್ಪೋದು ಕಷ್ಟವಾಗ್ತಾ ಹೋಗುತ್ತೆ. ತಡ ಮಾಡಬೇಡಿ." ನೀನು ಕಲಿಸಿದ್ದು ಸುಮ್ಮನಿರುತ್ತದೆಯೇ? "ಸರ್, ತಪ್ಪು ತಿಳೀಬ್ಯಾಡ್ರಿ. ಇದರಾಗ ನಿಮಗೇನು ಸಿಗತೈತ್ರಿ?" ಎಂದು ಕೇಳಿಯೇಬಿಟ್ಟೆ. ವೀರೇಶ ನನ್ನ ಕಾಲು ತುಳಿದ. ಡಾಕ್ಟರು ಜೋರಾಗಿ ನಕ್ಕರು. "ಸಂಬಳ. ಗೆದ್ದರೆ ಹೆಸರು. ಅದನ್ನೂ ಬರ್ಕೊಳ್ಳಿ" ಅಂದರು. ನನ್ನದೊಂದು ಪುಸ್ತಕದಲ್ಲಿ ಬರೆದುಕೊಂಡೆ. ಅವರ ಮಾತಿಗೆ ‘ಕಂ’ ಹಾಕಿದೆ, ಪಕ್ಕದಲ್ಲೇ ‘ಮಾ’ ಕೂಡ ಹಾಕಿದೆ. ಸರಿ ತಾನೆ?

ವೀರೇಶ ಆ ಪಾಂಪ್ಲೆಟ್ ತಂದ ಭಾನುವಾರ ಮಸ್ಕಿಯಲ್ಲಿ ಬಿಸಿಲು ಸುಡುತ್ತಿತ್ತು. ನಾಲ್ಕು ಮಡಿಕೆಯ ನುಣುಪು ಕಾಗದ. ಯಾವುದೋ ದೂರದ ಪಟ್ಟಣದ ಖಾಸಗಿ ದವಾಖಾನೆಯದು. ಕುರಿಮರಿಯ ಎಳೆಯ ಜೀವಕಣಗಳಿಂದ ತಯಾರಾದ ಸೂಜಿಮದ್ದು. ಹತ್ತು ಸೂಜಿಗೆ ಸತ್ತ ಮಜ್ಜೆ ಚಿಗುರುತ್ತದೆ. ಒಡಹುಟ್ಟಿದವರ ಮಜ್ಜೆ ಬೇಕಾಗಿಲ್ಲ, ಶಸ್ತ್ರಕ್ರಿಯೆ ಇಲ್ಲ. ಕೊನೆಯಲ್ಲಿ ಗುಣವಾದವರ ಫೋಟೋ, ಊರಿಲ್ಲ, ಹೆಸರಿಲ್ಲ. ಗಂಗಿ ಮಂಚದ ಮೇಲೆ ಒರಗಿದ್ದವಳು ಕೇಳಿಸಿಕೊಂಡು, "ಕುರಿದಂತ? ಹಂಗಾರ ಊರ ಮುಂದಿನ ಹಟ್ಟಿಗೆ ಹೋದ್ರ ಆತಲ್ಲ, ಇಲ್ಲೇನು ಕುರಿಗೆ ಬರ ಐತಾ?" ಅಂದಳು. ವೀರೇಶ ನಗಲಿಲ್ಲ. "ಅಣ್ಣಾರ, ನೀವು ಮಜ್ಜಿ ಕೊಡತೀರಿ. ಊರಾನ ಮಂದಿ ರಕ್ತ ಕೊಡತಾರ. ಗಂಡ ಆದಾಂವ ನಾ ಏನು ಕೊಡಲಿ? ಈ ಸೂಜಿ ಮಾಡಿಸಾಕರೆ ನನಗ ಬಿಡ್ರಿ" ಅಂದ. ಅವನ ಮೇಲೆ ಹೇಗೆ ಸಿಟ್ಟಾಗಲಿ? ಸಿಂಧನೂರಿನ ಒಂದು ಔಷಧ ಅಂಗಡಿಯಲ್ಲಿ ಈ ಕಾಗದ ಕೊಟ್ಟರಂತೆ. ಈ ಕಡೆಯಲ್ಲೇ ಒಬ್ಬರಿಗೆ ಗುಣವಾಗಿದೆ ಎಂದೂ ಹೇಳಿದರಂತೆ. ಹಾಗಾದರೆ ನಾನೇ ಹೋಗಿ ಕಂಡು ಬರುತ್ತೇನೆ ಅಂದೆ.

ನಾನು ಆ ಗುಣವಾದವರನ್ನು ಹುಡುಕಿದ ದಿನವನ್ನು ನಿನಗೆ ಹೇಳಲೇಬೇಕು. ಶಾಲೆಗೆ ರಜೆ ಹಾಕಿದೆ. ಜವಾನನಾದ ನಾನಿಲ್ಲದ್ದರಿಂದ ಗಂಟೆಯನ್ನು ಮಾಸ್ತರರೇ ಬಾರಿಸಿಕೊಂಡರು. ಸಿಂಧನೂರಿನ ಅಂಗಡಿಯವನು, "ನಾ ಕಂಡಿಲ್ಲರೀ. ಜವಳಗೇರಾದ ಟ್ರ್ಯಾಕ್ಟರ್ ಡ್ರೈವರ್ ಹೇಳ್ಯಾನ. ಆತ ಸುಳ್ಳು ಹೇಳಾಂವಲ್ಲ" ಅಂದ. ನಿನ್ನೂರಿಗೇ ಬಂದೆ. ಡ್ರೈವರ್ ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸದೆಯೇ ಕೂಗಿದ, "ನಂಗೇನು ಗೊತ್ತಪಾ! ದಢೇಸುಗೂರಾಗ ಒಬ್ಬಾಕಿಗೆ ಆರಾಮ ಆಗೈತಂತ. ಅಲ್ಲಿ ಗೊಬ್ಬರ ಇಳಿಸಾಕ ಹೋದಾಗ ಕೇಳೀನಿ." ಮತ್ತೆ ಸಿಂಧನೂರಿಗೆ ಬಂದು ದಢೇಸುಗೂರಿನ ಬಸ್ಸು ಹತ್ತಿದೆ. ಆಕೆ ಕಾಲುವೆ ಪಕ್ಕದ ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದಳು. ನಡು ಎತ್ತಿ ನನ್ನನ್ನೇ ನೋಡಿದಳು. "ನನಗಾ? ಯವ್ವಾ! ನನಗ ನಿತ್ರಾಣ ಇತ್ತು, ಸರ್ಕಾರಿ ಗುಳಿಗಿ ನುಂಗಿದೆ, ಆರಾಮ ಆತು. ಕುರಿ ಸೂಜಿ ಮಾಡಿಸ್ಕೊಂಡಾಕಿ ಬ್ಯಾರೆ ಇದ್ದಾಳಂತ್ರಿ. ಸಿಂಧನೂರಾಗ ಔಷಧದ ಅಂಗಡ್ಯಾಂವ ಒಬ್ಬ ಅದಾನಲ್ಲ, ಅಂವನ್ನ ಕೇಳ್ರಿ. ಅಂವಗ ಎಲ್ಲಾ ಗೊತ್ತು." ಅವಳ ಜೊತೆಯವರು ಯಾಕೆ ನಕ್ಕರೋ, ನನಗೂ ನಗು ಬಂತು. ಹೊರಟಲ್ಲಿಗೇ ಬಂದು ನಿಂತಿದ್ದೆ. ನನ್ನ ಪುಸ್ತಕದಲ್ಲಿ ‘ಕೇ, ಕೇ, ಕೇ’ ಎಂದು ಮೂರು ಸಲ ಬರೆದೆ. ಕಂಡವರು ಒಬ್ಬರೂ ಇರಲಿಲ್ಲ.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ವೀರೇಶ ತಲೆ ತಗ್ಗಿಸಿ ಪಾಂಪ್ಲೆಟ್ ಮಡಚಿದ. ನನಗೆ ಒಳಗೊಳಗೇ ಹೆಮ್ಮೆ. ನಮ್ಮ ಶಾಲೆಯ ವಿಜ್ಞಾನದ ಟೀಚರಮ್ಮ ಒಂದು ವಾರಪತ್ರಿಕೆಯ ಲೇಖನ ಕತ್ತರಿಸಿ ಕೊಟ್ಟರು. ಮಜ್ಜೆ ಬದಲಿಸಿ ಬದುಕಿದ ಒಬ್ಬ ಹುಡುಗಿಯ ಕತೆ. ಅದನ್ನೂ ಬಿಡಲಿಲ್ಲ. "ಟೀಚರ್, ಬದುಕಿದಾಕಿದು ಬರದಾರ. ಬದುಕಲಾರದಾರದು ಯಾರು ಬರೀತಾರ್ರಿ?" ಅಂದೆ. ಅವರು, "ನೀವು ಜವಾನ ಅಲ್ಲ ಹನುಮೇಶಪ್ಪ, ಇನ್‌ಸ್ಪೆಕ್ಟರ್ ಆಗಬೇಕಾಗಿತ್ತು" ಅಂದರು. ಸುಳ್ಳು ಯಾಕೆ ಹೇಳಲಿ, ಅಂದು ಉಬ್ಬಿಹೋದೆ. ನಿನ್ನ ಪುಸ್ತಕದಂಥದ್ದೇ ನನ್ನದೊಂದು ಪುಸ್ತಕ ತುಂಬುತ್ತಾ ಬಂತು. ಇನ್ನೊಬ್ಬ ಡಾಕ್ಟರಿಗೆ ಕಾಗದ ಬರೆದೆ. ಉತ್ತರ ಬಂತು, ಅವರೂ ಮೊದಲನೆಯವರ ಮಾತನ್ನೇ ಹೇಳಿದ್ದರು. ಮತ್ತೊಬ್ಬರನ್ನು ಕೇಳೋಣ ಅಂದುಕೊಂಡೆ. ಹೀಗೆ ಒಂದು ತಿಂಗಳು ಹೋಯಿತು, ಎರಡಾಯಿತು. ಗಂಗಿಗೆ ಮತ್ತೆ ರಕ್ತ ಹಾಕಿಸಿದೆವು. ಮತ್ತೆ ಹಾಕಿಸಿದೆವು. ದೊಡ್ಡ ಆಸ್ಪತ್ರೆಯಿಂದ ಯಾವಾಗ ಬರುತ್ತೀರಿ ಎಂದು ಕೇಳಿ ಕಾಗದ ಬಂತು. ಇನ್ನೂ ವಿಚಾರಿಸುತ್ತಿದ್ದೇನೆ ಎಂದು ಉತ್ತರ ಬರೆದೆ. ಯಾವುದನ್ನು ವಿಚಾರಿಸುತ್ತಿದ್ದೆ, ಮಾವ?

ಮಸ್ಕಿ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದ ಒಂದು ಸಂಜೆ ಈಗ ಬರುತ್ತದೆ. ಇದನ್ನು ಬರೆಯಲಾರದೆಯೇ ಆ ಮೂರು ಹಾಳೆ ಹರಿದದ್ದು. ನನ್ನ ಪಕ್ಕದ ಮೇಜಿನಲ್ಲಿ ಗುರುತಿಲ್ಲದ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಹೇಳುತ್ತಿದ್ದ: "ಸೊಂಟದ ಎಲುಬಿನಾಗಿಂದ ತಗಿಸ್ಕೊಂಡ್ರ ಆಳು ಮತ್ತ ನೆಟ್ಟಗ ನಿಲ್ಲಂಗಿಲ್ಲ. ನಮ್ಮ ಕಡೆ ಒಬ್ಬಾಂವ ಹಂಗ ಹಾಸಿಗಿ ಹಿಡದಾನ." ಅಷ್ಟೇ. ಯಾವ ಊರು ಎಂದು ನಾನು ಕೇಳಲಿಲ್ಲ. ನೀ ಕಂಡೀಯೇನು ಎಂದು ಕೇಳಲಿಲ್ಲ. ಕುರಿಸೂಜಿಯ ಒಂದು ಮಾತಿನ ಬೆನ್ನು ಹತ್ತಿ ಮೂರು ಊರು ಅಲೆದವನು, ಈ ಮಾತಿಗೆ ಪಕ್ಕದ ಮೇಜಿನವರೆಗೂ ಹೋಗಲಿಲ್ಲ. ಚಹಾ ಅರ್ಧಕ್ಕೆ ಬಿಟ್ಟು ಮನೆಗೆ ಬಂದು ಪುಸ್ತಕದಲ್ಲಿ ಅದನ್ನು ಬರೆದೆ. ಅಂಚಿನಲ್ಲಿ ಮಾತ್ರ ಏನೂ ಬರೆಯಲಿಲ್ಲ. ಅದು ದೊಡ್ಡ ಆಸ್ಪತ್ರೆಯಿಂದ ಬಂದ ವಾರವೇ ಆದದ್ದು. ನೋವು ಕೆಲವು ದಿನ, ಆಮೇಲೆ ಎಂದಿನಂತೆ ಓಡಾಡುತ್ತೀರಿ ಎಂದು ಡಾಕ್ಟರು ನನಗೆ ಸ್ಪಷ್ಟವಾಗಿ ಹೇಳಿದ್ದರು. ಅವರ ಮಾತಿಗೆ ಎರಡೆರಡು ಅಕ್ಷರ ಹಾಕಿ ತೂಗಿದವನು, ಹೋಟೆಲಿನವನ ಮಾತನ್ನು ತೂಗದೆಯೇ ಎದೆಯಲ್ಲಿಟ್ಟುಕೊಂಡೆ. ಆಮೇಲಿನ ಎಲ್ಲ ವಿಚಾರಣೆಯೂ ಆ ಮಾತಿನ ನೆರಳಲ್ಲೇ ನಡೆಯಿತು. ಅಂದರೆ…

ಗಂಗಿಗೆ ಒಂದು ಬೆಳಿಗ್ಗೆ ತಲೆ ಬಾಚುತ್ತಿದ್ದಳು ನನ್ನ ಹೆಂಡತಿ. ನಾನು ಹೊಸ್ತಿಲಲ್ಲಿ ಕುಳಿತು ಪುಸ್ತಕ ತಿರುವುತ್ತಿದ್ದೆ. ಗಂಗಿ ಕಣ್ಣು ಮುಚ್ಚಿಕೊಂಡೇ ಅಂದಳು: "ಅಣ್ಣಾ, ಮಾವ ನಾಕು ದಿನಕ್ಕ ಎಣಸತಿದ್ದ. ನಿಂದು ಎಷ್ಟನೇ ದಿನ? ನಿನ್ನ ಗೋಣಿ ತಟ್ಟು ಒಣಗಿಹೋತು ನೋಡು." ನನ್ನ ಹೆಂಡತಿಯ ಕೈ ನಿಂತಿತು. ನಾನು ಏನೂ ಕೇಳಿಸದವನ ಹಾಗೆ ಎದ್ದು ಶಾಲೆಗೆ ಹೋದೆ. ಅಂದು ಮೊದಲ ಗಂಟೆ ಬಾರಿಸುವುದನ್ನೇ ಮರೆತೆ.

ಅದೇ ವಾರ ಅತ್ತೆ ಹೇಳಿಕಳಿಸಿದಳು. ನಿನ್ನ ಟ್ರಂಕಿಗೆ ಇಲಿ ಬಿದ್ದಿದೆ, ಕಾಗದಪತ್ರ ಒಯ್ಯಿ ಎಂದು. ಜವಳಗೇರಾಕ್ಕೆ ಹೋದೆ. ಪಡಸಾಲೆಯಲ್ಲಿ ಕುಳಿತು ನಿನ್ನ ಪುಸ್ತಕ ಬಿಡಿಸಿದೆ. ಒಂದೊಂದು ಜಾಹೀರಾತಿಗೂ ಕೆಂಪು ಅಕ್ಷರ, ಎಷ್ಟು ವರ್ಷದ್ದು! ಕೊನೆಯ ಹಾಳೆಯಲ್ಲಿ ಒಂದು ತುಂಡು ಪೇಪರು. ಸಕ್ಕರೆ ಕಾಯಿಲೆಯ ಪುಡಿಯದು, ನಿನಗಿದ್ದ ಕಾಯಿಲೆಯದೇ. ದಿನಾ ಸೂಜಿ ಚುಚ್ಚಿಕೊಳ್ಳುವ ಕಾಟ ತಪ್ಪಿತು ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ನೀಟಾಗಿ ಕತ್ತರಿಸಿ, ನಾಲ್ಕು ಮೂಲೆಗೂ ಅಂಟು ಹಚ್ಚಿದ್ದೆ. ಅಂಚು ನೋಡಿದೆ. ಬೆಳಕಿಗೆ ಹಿಡಿದು ನೋಡಿದೆ. ಹಾಳೆ ತಿರುಗಿಸಿ ನೋಡಿದೆ. ಏನೂ ಇರಲಿಲ್ಲ. ಖಾಲಿ.

"ಅತ್ತೀ, ಈ ಪುಡಿ ಮಾವ ತಗೊಂಡನೇನು?" ಎಂದು ಕೇಳಿದೆ. ಅತ್ತೆ ಸೆರಗಿನಿಂದ ಟ್ರಂಕಿನ ಧೂಳು ಒರೆಸುತ್ತಲೇ ಇದ್ದಳು. "ತಗೊಂಡ. ಆಮ್ಯಾಲ ದವಾಖಾನಿ ಸೂಜಿ ಬಿಟ್ಟ. ನಿಮ್ಮಾವ ಸೂಜಿಗೆ ಅಂಜತಿದ್ನಪಾ. ಮಂದಿ ಮುಂದ ಹುಲಿ. ಸೂಜಿ ಕಂಡ್ರ ಕಣ್ಣು ಮುಚ್ಚತಿದ್ದ. ಹಣಮ್ಯಾಗ ಹೇಳಬ್ಯಾಡ, ಅಂವ ಯಾರು ಹೇಳಿದ್ದಂತ ಕೇಳತಾನ ಅಂತ ನನ್ನ ಕೈಲೆ ಆಣಿ ಹಾಕಿಸ್ಕೊಂಡಿದ್ದ."

ಗದ್ದೆಯ ಕೆಸರಿನಲ್ಲಿ ನಿನ್ನ ಕಾಲಿಗೆ ಮುಳ್ಳು ಚುಚ್ಚಿದ್ದು, ಗಾಯ ಮಾಯದೆ ಕಪ್ಪಾದದ್ದು, ಸಿಂಧನೂರಿನ ದವಾಖಾನೆಯಲ್ಲಿ ನೀನು ನನ್ನ ಕೈ ಹಿಡಿದು ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿದ್ದು… ಅದನ್ನೇ ಹೇಳಬೇಕೆಂದಿದ್ದೆಯಾ, ಮಾವ? ಊರೆಲ್ಲ ಬಂದು ನಿನ್ನನ್ನು ಕೇಳುತ್ತಿತ್ತು. ನಿನ್ನನ್ನು ಕೇಳುವವರು ಯಾರಿದ್ದರು? ನಾನಿದ್ದೆ. ಪ್ರತಿ ತಿಂಗಳೂ ಬಂದು ಹೋಗುತ್ತಿದ್ದೆ. ಸೂಜಿ ಹಾಕಿಸಿಕೊಳ್ಳುತ್ತಿದ್ದೀಯಾ ಎಂದು ಒಂದು ಸಲವಾದರೂ ಕೇಳಬಹುದಿತ್ತು. ಮಾವನಿಗೆ ನಾನೇನು ಹೇಳುವುದು ಎಂದು ಸುಮ್ಮನಾದೆ. ನಿನ್ನ ಮೇಲಿನ ಸಿಟ್ಟೋ ನನ್ನ ಮೇಲಿನದೋ ತಿಳಿಯದೆ ಅತ್ತೆಯ ಮುಂದೆಯೇ ಅತ್ತುಬಿಟ್ಟೆ. ಅವಳು ನೀರು ಕೊಟ್ಟಳು. ಆ ನೀರಿನ ಹರವಿ ಇನ್ನೂ ಅಲ್ಲೇ ಇದೆ.

ಬರುವಾಗ ಬಸ್ಸಿನಲ್ಲಿ ನಿನ್ನ ಪುಸ್ತಕವನ್ನೂ ನನ್ನದನ್ನೂ ತೊಡೆಯ ಮೇಲಿಟ್ಟುಕೊಂಡಿದ್ದೆ. ನಿನ್ನದರಲ್ಲಿ ಒಂದು ಖಾಲಿ ಅಂಚು, ನನ್ನದರಲ್ಲಿ ಒಂದು. ಎರಡೂ ಸೂಜಿಯ ಕಾಗದವೇ. ಹೇಳುವವನಿಗೆ ಏನು ಸಿಗುತ್ತದೆ ಎಂದು ಇಬ್ಬರೂ ಕೇಳಿದೆವು. ಓದುವವನಿಗೆ ಏನು ಬೇಕಾಗಿದೆ ಎಂದು ಯಾರೂ ಕೇಳಿಕೊಳ್ಳಲಿಲ್ಲ. ನಿನಗೆ ಸೂಜಿ ಬೇಡವಾಗಿತ್ತು, ಆ ಪುಡಿ ಖರೆ ಆಗಬೇಕಾಗಿತ್ತು. ನನಗೂ ಸೂಜಿ ಬೇಡವಾಗಿತ್ತು. ಆ ಹೋಟೆಲಿನವನ ಮಾತು ನನಗೆ ಖರೆ ಆಗಬೇಕಾಗಿತ್ತು. ನಿನ್ನ ಖಾಲಿ ಅಂಚು ನಿನ್ನೊಬ್ಬನ ಜೀವ ತೆಗೆದುಕೊಂಡಿತು. ನನ್ನದು ಯಾರ ಜೀವದ ಮೇಲೆ ಕುಳಿತಿದೆ ಎಂದು ಆಗ ಹೊಳೆಯಿತು. ಬಸ್ಸು ಕುಲುಕುತ್ತಿದ್ದರೂ ಪೆನ್ಸಿಲ್ ತೆಗೆದು ಆ ಸಾಲಿನ ಪಕ್ಕ ಹೊಸದೊಂದು ಅಕ್ಷರ ಬರೆದೆ: ‘ಬೇ’. ಬೇಕಾದವನ ಮಾತು. ಸಿಂಧನೂರಿನಲ್ಲಿ ಇಳಿದವನೇ ಎಸ್‌ಟಿಡಿ ಬೂತಿಗೆ ಹೋಗಿ ಆಸ್ಪತ್ರೆಗೆ ಫೋನ್ ಮಾಡಿ ದಿನ ಕೇಳಿದೆ. ಡಾಕ್ಟರು ಎಷ್ಟು ಬಾಟಲಿ ರಕ್ತ ಹಾಕಿಸಿದಿರಿ ಎಂದು ಕೇಳಿದರು. ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. "ಇನ್ನು ತಡ ಬೇಡ, ಬನ್ನಿ" ಅಂದರು. ಆ ಸ್ವಲ್ಪ ಹೊತ್ತು ನನ್ನ ಕಿವಿಯಲ್ಲಿ ಇನ್ನೂ ಇದೆ. ಈಗ ಬರೆಯುವಾಗಲೂ ಇದೆ.

ಮನೆಗೆ ಬಂದು ಗಂಗಿಯ ಮುಂದೆ ಕುಳಿತು, ಆ ‘ಬೇ’ ತೋರಿಸಿ ಎಲ್ಲ ಹೇಳಿದೆ. ವಿಚಾರಣೆ ಮುಗಿದು ಬಹಳ ದಿನವಾಗಿತ್ತು, ನಾನು ಅಂಜಿಕೊಂಡಿದ್ದೆ ಎಂದು. ಅವಳು ಆಶ್ಚರ್ಯಪಡಲಿಲ್ಲ. "ಗೊತ್ತಿತ್ತು ಬಿಡು. ಸಾಲಿಗೆ ಸೂಜಿ ಹಾಕಾರು ಬಂದ್ರ ಹುಲ್ಲಿನ ಬಣವ್ಯಾಗ ಹೊಕ್ಕೋತಿದ್ದಿ. ನಿನ್ನ ಕಾಲು ಹಿಡದು ಜಗ್ಗಾಕ ಮಾವ ನನ್ನ ಕಳಸತಿದ್ದ."

"ಮತ್ತ ಯಾಕ ಸುಮ್ಮಕಿದ್ದೆವ್ವಾ? ಬೈಬೇಕಾಗಿತ್ತಲ್ಲ!"

"ನೀ ಕೊಡಾಂವ. ಇಸಗೊಳ್ಳಾಕಿ ನಾ ಹೆಂಗ ಬೈಲಿ? ಈ ಮನ್ಯಾಗ ಎಲ್ಲಾರಕಿಂತ ಹೆಚ್ಚು ಬೇಕಾದಾಕಿ ನಾನ. ನನ್ನ ಮಾತಿಗೂ ನೀ ಆ ‘ಬೇ’ನ ಬರೀತಿದ್ದಿ."

ಅವಳೇ ಮತ್ತೆ ಅಂದಳು, ದನಿ ಸಣ್ಣದು ಮಾಡಿಕೊಂಡು: "ಒಂದು ಮಾತು ಕೊಡು ಅಣ್ಣಾ. ಹಿಡೀತಂದ್ರ ಬರಿ. ಹಿಡೀಲಿಲ್ಲಂದ್ರ ಅದನ್ನೂ ಬರಿ. ನನ್ನ ಹೆಸರು, ಊರು ಹಾಕಿ ಬರಿ. ಬರೇ ಬದುಕಿದಾರ ಫೋಟೋನ ಹಾಕತಾರ ಎಲ್ಲಾರೂ. ನಾಳೆ ನನ್ನಂಥಾಕಿ ಒಬ್ಬಾಕಿ ಕೇಳಾಕ ಬಂದ್ರ, ಕಂಡಾಂವ ಒಬ್ಬಾಂವ ಇರಲಿ ಈ ಕಡೆ." ಮಾತು ಕೊಟ್ಟೆ. ಕೊಡುವಾಗ ಅವಳ ಕೈ ನೋಡಿದೆ. ಹೊಲಿಗೆಯ ಸೂಜಿ ಚುಚ್ಚಿ ಚುಚ್ಚಿ ಅವಳ ಬೆರಳ ತುದಿಯೆಲ್ಲ ತೂತು. ಸೂಜಿಗೆ ಎಂದೂ ಅಂಜದ ಕೈ.

ಇಂದು ಬೆಳಿಗ್ಗೆ ಲಿಂಗಸುಗೂರಿನಿಂದ ವೀರೇಶ ಬಂದಿದ್ದಾನೆ. ಅಲ್ಲಿ ಅವಳನ್ನು ಒಂದು ಗಾಜಿನ ಕೋಣೆಯಲ್ಲಿ ಬಹಳ ದಿನ ಒಬ್ಬಳನ್ನೇ ಇಡುತ್ತಾರಂತೆ. ಹೊರಗೆ ಕಾಣುವ ಹಾಗೆ ಅಷ್ಟೂ ದಿನ ಕೂರುವುದು ತನ್ನ ಕೆಲಸ ಎಂದು ಅವನು ತಾನೇ ಹಂಚಿಕೊಂಡಿದ್ದಾನೆ. ಖರ್ಚಿಗೆ ಒಂದು ದಾರಿಯಾಗಿದೆ, ಆ ಚಿಂತೆ ನಿನಗೆ ಬೇಡ. ಗಂಗಿ ಒಳಗೆ ಬಟ್ಟೆ ಜೋಡಿಸುತ್ತಾ ನನ್ನ ಹೆಂಡತಿಗೆ ಹೇಳುತ್ತಿದ್ದಾಳೆ: "ಇವನ ಮಜ್ಜಿ ಬಂದ ಮ್ಯಾಲ ನಾನೂ ಖಾರ ತಿನ್ನಾಕ ಹತ್ತತೀನೇನ?" ನಗುತ್ತಿದ್ದಾಳೆ. ಸೂಜಿಯ ಅಂಜಿಕೆ ಹೋಗಿಲ್ಲ, ಮಾವ. ಅದರ ಮೇಲೆ ಇನ್ನೊಂದು ಬಂದು ಕುಳಿತಿದೆ. ನಾನು ಕಳೆದ ಆ ಎರಡು ತಿಂಗಳು, ಆ ಬಾಟಲಿಗಳು… ಹಿಡಿಯದೆ ಹೋದರೆ ಅದು ಅವಳ ರೋಗದಿಂದಲೋ ನನ್ನ ತಡದಿಂದಲೋ ಎಂದು ಯಾವ ಡಾಕ್ಟರನ್ನು ಕೇಳಲಿ? ಕೇಳಿದರೂ ಅವರು ನನಗೆ ಸಮಾಧಾನವಾಗುವ ಉತ್ತರವನ್ನೇ ಕೊಟ್ಟರೆ, ಅದನ್ನು ನಂಬಲೇ?

ನಿನ್ನ ಪುಸ್ತಕವನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ನೀನಿಲ್ಲದಾಗ ಅದರಲ್ಲಿ ಬರೆದೆ, ಸಿಟ್ಟಾಗಬೇಡ. ನಿನ್ನ ಪುಡಿಯ ಕಾಗದದ ಪಕ್ಕ ಕೆಂಪು ಪೆನ್ಸಿಲ್ಲಿನಿಂದ ‘ಮಾ’ ಬರೆದೆ. ಅದರ ಕೆಳಗೆ ‘ಬೇ’ ಬರೆದೆ. ಅದರ ಮುಂದಿನ ಹಾಳೆ ಹೊಸದು. ಅಲ್ಲಿ ಬರೆದದ್ದು ಇಷ್ಟು: ಗಂಗಮ್ಮ, ಲಿಂಗಸುಗೂರು. ಬಿತ್ತನೆ ಕಾಳು ಅಣ್ಣನದು. ಪೂರ್ತಿ ಹೊಂದಿಕೆ. ತಡವಾದದ್ದು ಎರಡು ತಿಂಗಳು, ಅಣ್ಣನಿಂದ. ಮೊಳಕೆಯ ಕಾಲಂ ಹಾಗೇ ಬಿಟ್ಟಿದ್ದೇನೆ. ಅದನ್ನು ಬಂದು ತುಂಬುತ್ತೇನೆ, ಏನೇ ಆದರೂ ತುಂಬುತ್ತೇನೆ. ಅಂಚನ್ನು ಮಾತ್ರ ಖಾಲಿ ಬಿಟ್ಟಿಲ್ಲ, ಮಾವ; ‘ಕಂ’, ಪಕ್ಕದಲ್ಲೇ ‘ಬೇ’.